ಹೊಡಿ ಅಂದ ಜನರಲ್

ನ್ಯೂಜೆರ್ಸಿಯಲ್ಲಿ ಅಮೆರಿಕದ ಹಳೆಯ ಅಂತರ್ಯುದ್ಧದ ಅಣಕು ಕಾಳಗ ಆಡುವವರಿಗೆಲ್ಲ ಉತ್ತರದವರ ನೀಲಿ ಅಂಗಿಯೇ ಬೇಕು. ಗುಲಾಮರನ್ನಿಟ್ಟುಕೊಳ್ಳುವ ಹಕ್ಕಿಗಾಗಿ ಬಡಿದಾಡಿದ ದಕ್ಷಿಣದವರ ಬೂದು ಅಂಗಿ ತೊಡಲು ಜನ ಸಿಗರು. ಹಾಗಾಗಿ 1999ರಲ್ಲಿ ಯಾರಿಗೂ ಬೇಡವಾದ ಆ ವೇಷ ಪ್ಲೇನ್ಸ್‌ಬರೋದ ಅಮರೇಶ್ವರನ ಪಾಲಿಗೆ ಬಂತು. ವಾರವಿಡೀ ಕಂಪ್ಯೂಟರಿನ ಮುಂದೆ ವೈಟೂಕೆ ಕೋಡಿನಲ್ಲಿ ಎರಡಂಕಿಯ ಇಸವಿಗಳನ್ನು ನಾಲ್ಕಂಕಿ ಮಾಡುತ್ತ ಕೂರುವ ಲಿಂಗಸುಗೂರಿನ ಈ ಬಡಪಾಯಿ, ಶನಿವಾರ ಬಂದರೆ ಸಾಕು, ಜನರಲ್ ಬೆಕ್‌ಫರ್ಡ್!

ದಕ್ಷಿಣದ ಸೇನೆಯ ಈ ಬೆಕ್‌ಫರ್ಡನ ಕಥೆ ಅವನಿಗೆ ಬಾಯಿಪಾಠ. ಮೊದಲ ಕಾಳಗದಲ್ಲಿ ಎರಡು ಬೆರಳು ಹಾರಿದವು, ಕ್ಯಾಪ್ಟನ್ ಹೋಗಿ ಮೇಜರ್ ಆದ. ಎರಡನೆಯದರಲ್ಲಿ ಕುದುರೆಯ ಹೊಟ್ಟೆ ಸೀಳಿತು. ಅದರ ಕರುಳು ತುಳಿದುಕೊಂಡೇ ಮುಂದೆ ನುಗ್ಗಿ ಕರ್ನಲ್ ಆದ. ಮೂರನೆಯದರಲ್ಲಿ ಒಂಬೈನೂರು ಸೈನಿಕರನ್ನು ಗುಡ್ಡ ಹತ್ತಿಸಿದ, ಇಳಿದು ಬಂದವರು ಇನ್ನೂರು. ಅದಕ್ಕೇ ಜನರಲ್ ಪಟ್ಟ! ಮೂವತ್ತೈದಕ್ಕೆ ಗಂಟಲಿಗೆ ಗುಂಡು ಹೊಕ್ಕು, ತನ್ನದೇ ರಕ್ತ ನುಂಗುತ್ತ ಸತ್ತ. ಇದನ್ನು ಹೇಳುವಾಗ ಅಮರೇಶ್ವರನ ಕಣ್ಣುಗಳು ಹೊಳೆಯುತ್ತಿದ್ದವು, ನಾಚಿಕೆಗೆಟ್ಟವನು.

"ಆ ಮಹಾಶಯ ಬದುಕಿದ್ದಿದ್ರೆ ನಿನ್ನನ್ನೂ ಹತ್ತಿ ಬಿಡಿಸೋಕೆ ಹಾಕ್ತಿದ್ದ ಕಣೋ," ಎಂದು ಗೆಳೆಯ ಸುಬ್ಬು ನಗುತ್ತಿದ್ದ. ನಕ್ಕರೂ ಜೊತೆಗೆ ಬಂದ. ಫಿರಂಗಿಯ ಬಾಯಿಗೆ ಕೋಲಿನಿಂದ ಮದ್ದು ಜಡಿಯುವುದು ಅವನ ಕೆಲಸ. ಹಗ್ಗ ಎಳೆದು ಹಾರಿಸುವವನು ಸಿದ್ದರಾಮಪ್ಪ. ಕೆಲಸಕ್ಕೆಂದು ಕೊಡುವ ಎಚ್‌ಒನ್ ವೀಸಾದಲ್ಲಿ ಬಂದು ಎರಡು ತಿಂಗಳಾಗಿತ್ತಷ್ಟೆ, ಅಮರೇಶ್ವರನೇ ಕೆಲಸ ಕೊಡಿಸಿದ್ದ. ಡ್ರಮ್ಮಿಗೆ ಶ್ರೀನಿ.

ಅಪ್ಪಣೆಯೆಲ್ಲ ಇಂಗ್ಲಿಷಿನಲ್ಲೇ ಎಂಬ ಕಟ್ಟುನಿಟ್ಟಿತ್ತು. ಆದರೆ ಮೇ ತಿಂಗಳ ಆ ಮಧ್ಯಾಹ್ನ ನೀಲಿಯವರು ಬೇಲಿ ಹಾರಿ ನುಗ್ಗಿದಾಗ ಅಮರೇಶ್ವರನಿಗೆ ಮೈಮೇಲೆ ಬಂದಂತಾಯಿತು. ತನ್ನವರು ಮುನ್ನುಗ್ಗಬೇಕು, ಅದಕ್ಕೆ ಸೂಚನೆ ಕೊಡುವ ಡ್ರಮ್ಮಿನ ಸದ್ದೇ ಇಲ್ಲ! ಕತ್ತಿ ಹಿರಿದು, ಶ್ರೀನಿಯತ್ತ ತಿರುಗಿ ಗಂಟಲು ಹರಿಯುವಂತೆ ಕೂಗಿದ: "ಹೊಡಿಯಲೇ! ಹೊಡಿ!"

ಕನ್ನಡದಲ್ಲಿ ಡ್ರಮ್ಮನ್ನೂ ಹೊಡೆಯುತ್ತಾರೆ, ಗುಂಡನ್ನೂ ಹೊಡೆಯುತ್ತಾರೆ. ಜನರಲ್ ಯಾರತ್ತ ತಿರುಗಿದ್ದಾನೆಂದು ಹೊಗೆಯಲ್ಲಿ ಕಾಣದ ಸಿದ್ದರಾಮಪ್ಪ ಹಗ್ಗ ಎಳೆದುಬಿಟ್ಟ. ಸುಬ್ಬುವಿನ ಕೋಲು ಇನ್ನೂ ಫಿರಂಗಿಯ ಬಾಯೊಳಗೇ ಇತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇಲ್ಲಿ ಕೈಯೇ ಹೋಯಿತು. ಸಿಡಿದ ಕೋಲು ಸುಬ್ಬುವಿನ ಬಲಗೈಯನ್ನು ಮೊಣಕೈವರೆಗೆ ಕಿತ್ತುಕೊಂಡು ಹೋಯಿತು; ಅರ್ಧ ಮುಖ ಸುಟ್ಟು ಕಪ್ಪಾಯಿತು. ಹುಲ್ಲಿನ ಮೇಲೆ ಬಿದ್ದಿದ್ದ ಬೆರಳುಗಳನ್ನು ಕಂಡು ಅಮರೇಶ್ವರ ವಾಂತಿ ಮಾಡಿಕೊಂಡ. ನೋಡಲು ಬಂದವರು ಇದೂ ಆಟವೆಂದು ಚಪ್ಪಾಳೆ ತಟ್ಟಿದರು.

ಶ್ರೀನಿ ಸುಬ್ಬುವಿನ ಜೊತೆ ಆಂಬ್ಯುಲೆನ್ಸ್ ಹತ್ತಿ ಹೋದ. ಕನ್ನಡ ಬಲ್ಲವರು ಉಳಿದದ್ದು ಇಬ್ಬರೇ. ಪೊಲೀಸ್ ಅಧಿಕಾರಿ ಬಂದು, ಜನರಲ್ ಕೂಗಿದ್ದೇನು ಎಂದು ವಿಚಾರಿಸಿದ. ಸಿದ್ದರಾಮಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಅಮರೇಶ್ವರನತ್ತ ತಿರುಗಿದ.

"ಅಣ್ಣಾರ, ನೀವ ಹೇಳ್ರಿ. ನೀವು ಹೊಡಿ ಅಂದ್ರಿ, ನಾ ಹೊಡದೆ."

ಅಷ್ಟನ್ನೇ ಇಂಗ್ಲಿಷಿನಲ್ಲಿ ಹೇಳಿದ್ದರೆ ತಪ್ಪು ಇಬ್ಬರ ತಲೆಗೂ ಬರುತ್ತಿತ್ತು. ಹೇಳದಿದ್ದರೆ ಸಿದ್ದರಾಮಪ್ಪ ಒಬ್ಬನೇ ಅಪರಾಧಿ. ಅಮರೇಶ್ವರನ ಗ್ರೀನ್ ಕಾರ್ಡಿಗೆ ಇನ್ನೊಂದೇ ಮೆಟ್ಟಿಲು ಬಾಕಿಯಿತ್ತು.

"ಡ್ರಮ್ ಬಾರಿಸು ಅಂತ ಅರ್ಥ," ಎಂದ ಇಂಗ್ಲಿಷಿನಲ್ಲಿ.

"ಬೇರೆ ಅರ್ಥ ಇದೆಯೇ?"

"ನೋ."

ಅಷ್ಟು ಇಂಗ್ಲಿಷ್ ಸಿದ್ದರಾಮಪ್ಪನಿಗೂ ಬರುತ್ತಿತ್ತು. ಪೊಲೀಸ್ ಕಾರು ಹತ್ತುವ ಮುನ್ನ ಅವನು ತಿರುಗಿ ನಿಂತು, ಅಮರೇಶ್ವರನಿಗೆ ಒಂದು ಸೆಲ್ಯೂಟ್ ಹೊಡೆದ.