ಅರ್ಜಿಯಲ್ಲಿದ್ದ ನನ್ನ ನಂಬರ್

ಮೊನ್ನೆ ಕೆಂಗೇರಿಯಲ್ಲಿ ಮಗಳ ಐಡಿ ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸುತ್ತಿದ್ದೆ. ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಮಲ್ಲತ್ತಹಳ್ಳಿಯ ಆಂಟಿ ನೆನಪಾದರು...

ಡಿಗ್ರಿ ಮುಗಿಸಿ ಖಾಲಿ ಕೂತಿದ್ದ ನನ್ನನ್ನು ತಮ್ಮ ಸೈಬರ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿಸಿಕೊಂಡವರು ಅವರು. ಮೂರು ಕಂಪ್ಯೂಟರ್, ಒಂದು ಜೆರಾಕ್ಸ್ ಮಿಷಿನ್. ಬಂದವರ ಅರ್ಜಿ ತುಂಬಿಕೊಡುವುದೇ ಮುಖ್ಯ ಕೆಲಸ. ಆಂಟಿಯದು ಭಾರಿ ಮಡಿ. ಗಿರಾಕಿ ಪಾಸ್‌ವರ್ಡ್ ಹೊಡೆಯುವಾಗ ಎದ್ದು ಆಚೆ ಹೋಗುತ್ತಿದ್ದರು. ಸ್ಕ್ಯಾನ್ ಮಾಡಿದ ಕಾಗದಗಳನ್ನು ಅವರ ಕಣ್ಣೆದುರೇ ಅಳಿಸುತ್ತಿದ್ದರು. ಫಾರಂ ತುಂಬೋಕೆ ಇಷ್ಟೊಂದು ಶಾಸ್ತ್ರ ಯಾಕೆ ಅಂತ ನನಗೆ ಒಳಗೊಳಗೇ ನಗು.

ಒಂದು ದಿನ ಬಸ್‌ಸ್ಟಾಪಿನ ಹೂವಿನಮ್ಮನ ಮಗಳು ನರ್ಸಿಂಗ್ ಸೀಟಿಗೆ ಅರ್ಜಿ ಹಾಕಲು ಬಂದಳು. ಓಟಿಪಿ ಬರಬೇಕು, ಫೋನ್ ಅಮ್ಮನ ಹತ್ತಿರ. ಹಿಂದೆ ದೊಡ್ಡ ಕ್ಯೂ. ಆಂಟಿ ಬ್ಯಾಂಕಿಗೆ ಹೋಗಿದ್ದರು. ಬೇಗ ಮುಗಿಯಲಿ ಅಂತ, ಹುಡುಗಿಗೆ ಅಂಗಡಿ ನಂಬರ್ ಅಂದು, ನನ್ನ ನಂಬರನ್ನೇ ಹಾಕಿಬಿಟ್ಟೆ. ಅವಸರದಲ್ಲಿ ಹಿಂದೆಯೂ ಎಷ್ಟೋ ಸಲ ಹಾಗೆ ಮಾಡಿದ್ದೆ.

ದಾಖಲೆ ತೋರಿಸಲು ಬನ್ನಿ ಅನ್ನುವ ಮೆಸೇಜೂ ನನ್ನ ಫೋನಿಗೇ ಬಂತು. ನಾನು ನೋಡಿದ್ದು ಆ ದಿನ ದಾಟಿದ ಮೇಲೆ. ಹುಡುಗಿಯ ಸೀಟು ಹೋಯಿತು.

“ಸರ್ವರ್ ಪ್ರಾಬ್ಲಂ ಅಂದ್ಬಿಡೋಣ ಆಂಟಿ,” ಅಂದೆ.

“ಸರ್ವರ್‌ಗೆ ಬಾಯಿಲ್ಲ ಅಂತ ಅದರ ಮೇಲೆ ಹಾಕ್ತೀಯೇನೇ? ಆ ಹುಡುಗಿ ನಮ್ಮನ್ನ ನಂಬಿದ್ಲು ಕಣೇ.”

ಅಂಗಡಿಗೆ ಬೀಗ ಹಾಕಿ ಹೂವಿನಮ್ಮನ ಮನೆಗೆ ಹೋದರು. ನಾನು ಗೇಟಿನಾಚೆಯೇ ನಿಂತೆ. “ತಪ್ಪು ನಮ್ಮ ಅಂಗಡೀದು,” ಅಂದದ್ದು ಕೇಳಿಸಿತು. ನನ್ನ ಹೆಸರು ಎತ್ತಲಿಲ್ಲ. ಮರುದಿನ ಹುಡುಗಿಯ ಜೊತೆ ಸೀಟು ಹಂಚುವ ಕಚೇರಿಗೂ ಹೋಗಿ ಅದನ್ನೇ ಬರೆದುಕೊಟ್ಟರು. ಕಚೇರಿಯವರು ಒಪ್ಪಲಿಲ್ಲ. ಆಮೇಲೆ ನನ್ನ ಫೋನಿನ ಮೆಸೇಜುಗಳನ್ನೆಲ್ಲ ಹುಡುಕಿಸಿ, ನಾನು ಇದೇ ರೀತಿ ಅರ್ಜಿ ತುಂಬಿದ್ದ ಒಬ್ಬೊಬ್ಬರನ್ನೂ ಕರೆಸಿ ನಂಬರ್ ಬದಲಿಸಿಕೊಟ್ಟರು. ಯಾಕೆ ಅಂತ ಕೇಳಿದವರಿಗೆಲ್ಲ, ನನ್ನ ಹೆಸರೊಂದು ಬಿಟ್ಟು, ಇದ್ದದ್ದನ್ನು ಇದ್ದ ಹಾಗೇ ಹೇಳಿದರು. ಅರ್ಧ ಗಿರಾಕಿಗಳು ಪಕ್ಕದ ರಸ್ತೆಯ ಅಂಗಡಿಗೆ ಹೋದರು. ಹೋದರೆ ಹೋಗಲಿ ಅಂದರು! ಎಂಥ ಗಟ್ಟಿ ಹೆಂಗಸು...

ಹೂವಿನಮ್ಮ ಮಾತ್ರ ಆಂಟಿಯ ಜೊತೆ ಮಾತು ಬಿಟ್ಟರು. ಅದು ಆಂಟಿಯನ್ನು ತುಂಬಾ ನೋಯಿಸಿತು. ಎಲ್ಲ ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಅವರಿಗಿದ್ದ ಧೈರ್ಯದಲ್ಲಿ ಒಂದು ಪಾಲೂ ನನಗಿರಲಿಲ್ಲ.

ಆಂಟಿ ತೀರಿಕೊಂಡು ಎರಡು ವರ್ಷವಾಯಿತು. ನಿನ್ನೆ ಹೂವಿನಮ್ಮನ ಮನೆಗೆ ಹೋಗಿದ್ದೆ. ಮಗಳಿಗೆ ಮರುವರ್ಷ ಸೀಟು ಸಿಕ್ಕಿ, ಈಗ ನರ್ಸ್ ಆಗಿದ್ದಾಳಂತೆ. “ಆಯಮ್ಮ ನನ್ ಮಗಳ ಒಂದು ವರ್ಷ ಹಾಳು ಮಾಡಿದ್ರು. ಹೋಗ್ಲಿ ಬಿಡಿ, ಹೋದೋರ ಬಗ್ಗೆ ಆಡ್ಕೋಬಾರ್ದು,” ಅಂದರು.

“ಅವರಲ್ಲಮ್ಮ, ಆ ನಂಬರ್ ಹಾಕಿದ್ದು ನಾನು.”

ಆ ತಾಯಿ ಕಟ್ಟುತ್ತಿದ್ದ ಹೂವಿನ ದಾರವನ್ನು ಕೆಳಗಿಟ್ಟರು.

“ಅವರು ಇದ್ದಾಗ್ಲೇ ಹೇಳ್ಬಾರ್ದಿತ್ತಾ?” ಅಂದರು. “ಹೋಗಿ ಮಾತಾಡಿಸ್ತಿದ್ದೆ.”