ಅಪ್ಪ ಬಾಗಿಲು ಕಿತ್ತ ದಿನ

ನಾನು ಚಿಕ್ಕವಳಿದ್ದಾಗ, ತೊಂಬತ್ತರ ದಶಕದಲ್ಲಿ, ಸಿಲೋನಿನ ಯುದ್ಧಕ್ಕೆ ಹೆದರಿ ಓಡಿಬಂದ ನಾವು ಭದ್ರಾವತಿಯಲ್ಲಿದ್ದೆವು. ಅಪ್ಪ, ಅಕ್ಕ, ನಾನು. ಅಮ್ಮ ಅಲ್ಲಿಯೇ ಸತ್ತಿದ್ದಳು. ಲೈನ್ ಮನೆಗಳ ತುದಿಯಲ್ಲಿ ಅಪ್ಪನೇ ಕಟ್ಟಿದ ತಗಡಿನ ಶೆಡ್ಡು ನಮ್ಮದು. ಅಪ್ಪ ಲಾರಿಗೆ ಕಾಗದದ ಬಂಡಲು ತುಂಬುತ್ತಿದ್ದ. ನಮ್ಮನ್ನು ಯಾರೂ ಬೈಯುತ್ತಿರಲಿಲ್ಲ. ನಾವು ನಲ್ಲಿಯ ಹತ್ತಿರ ಹೋದರೆ ಅಲ್ಲಿನ ಮಾತು ನಿಲ್ಲುತ್ತಿತ್ತು, ಅಷ್ಟೇ.

ಆ ಬೇಸಿಗೆಯಲ್ಲಿ ಹದಿನೇಳರ ಅಕ್ಕನಿಗೆ ಕಾಮಾಲೆ ಬಂತು. ಕಣ್ಣು ಅರಿಶಿನ ಬಳಿದಂತಾಯಿತು. ಮೂರು ವಾರ ಮಲಗಿದ್ದವಳು ಒಂದು ಬೆಳಿಗ್ಗೆ ಏಳಲಿಲ್ಲ.

ಆ ಲೈನ್ ಮನೆಗಳಲ್ಲಿ ಯಾರಾದರೂ ಸತ್ತರೆ ಪ್ರತಿ ಮನೆಯವರೂ ಒಂದೊಂದು ಸೌದೆ ತಂದು ಸತ್ತವರ ಬಾಗಿಲ ಮುಂದೆ ಇಡುತ್ತಿದ್ದರು. ಅದರಿಂದಲೇ ಚಿತೆ. ಅಪ್ಪ ಅಕ್ಕನ ತಲೆಯ ಹತ್ತಿರ ಕೂತು ಕಾದ. ಊದುಬತ್ತಿ ಉರಿದು ಬೂದಿಯಾಯಿತು. ತಗಡು ಕಾದು ಒಳಗೆ ಉಸಿರು ಕಟ್ಟುತ್ತಿತ್ತು. ಸೌದೆ ಬರಲಿಲ್ಲ. ಕತ್ತಲಾಗುವ ಮೊದಲು ಬೆಂಕಿ ಕೊಡಬೇಕಿತ್ತು.

ಕೊನೆಗೆ ಅಪ್ಪ ಎದ್ದು ನಮ್ಮ ಹಲಗೆ ಬಾಗಿಲನ್ನೇ ಕಿತ್ತು ಕೊಡಲಿಯಿಂದ ಸೀಳತೊಡಗಿದ. ಸದ್ದಿಗೆ ಎದುರುಮನೆಯ ಅತ್ತೆ ಹೊರಗೆ ಬಂದರು.

“ಬಾಗ್ಲು ಯಾಕೆ ಒಡೀತೀಯ ಮಾರಾಯ?”

“ಇನ್ನೇನ್ ಸುಡ್ಲಿ ಅಮ್ಮಾ?”

“ಹೋದ ತಿಂಗ್ಳು ನಮ್ಮ ಮಾವ ತೀರ್ಕೊಂಡಾಗ ನೀನು ಒಂದು ತುಂಡು ಸೌದೆ ಇಟ್ಯಾ? ಅಕ್ಕಿ ಇಟ್ಟು ಹೋದೆ. ನಾವೇನು ಭಿಕ್ಷೆಗೆ ಕೂತಿದ್ವಾ?”

ಅಪ್ಪ ಕೊಡಲಿ ಕೆಳಗಿಟ್ಟ. ಅವನ ಕನ್ನಡ ಇನ್ನೂ ತೊದಲುತ್ತಿತ್ತು. “ನಮ್ಮೂರಲ್ಲಿ ಸತ್ತೋರ ಬಾಯಿಗೆ ಅಕ್ಕಿ ಹಾಕ್ತೀವಿ ಅಮ್ಮಾ. ಅದಕ್ಕೆ ತಂದೆ. ಸೌದೆ ವಿಷ್ಯ ಆಮೇಲೆ ಗೊತ್ತಾಯ್ತು.”

ಅವತ್ತು ಆ ಅಕ್ಕಿ ಕೊಟ್ಟು ನಾವು ಮೂವರೂ ಗಂಜಿನೀರು ಕುಡಿದು ಮಲಗಿದ್ದೆವು.

ಅತ್ತೆ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಎರಡು ಸೌದೆ ಹೊತ್ತು ಬಂದರು. ಹಿಂದೆ ಅವರ ಗಂಡ, ಆಮೇಲೆ ಪಕ್ಕದ ಎರಡು ಮನೆಯ ಗಂಡಸರು. ಅಪ್ಪನೂ ಸೇರಿ ನಾಲ್ಕು ಹೆಗಲಾಯಿತು. ಉಳಿದ ಮನೆಗಳಿಂದ ಯಾರೂ ಬರಲಿಲ್ಲ. ಸೌದೆ ಸಾಲದೆ ನಮ್ಮ ಬಾಗಿಲೂ ಅಕ್ಕನ ಜೊತೆ ಉರಿಯಿತು.

ನನ್ನ ಮಕ್ಕಳೇ, ಈಗ ನಿಮ್ಮದು ಯಾವ ಊರೆಂದು ಯಾರಾದರೂ ಕೇಳಿದರೆ ನೀವು ಆಟ ನಿಲ್ಲಿಸದೆಯೇ ‘ಭದ್ರಾವತಿ’ ಎನ್ನುತ್ತೀರಿ. ನಿಮಗೆ ಒಂದು ದಿನ ಜ್ವರ ಬಂದರೆ ಓಣಿಯ ಅರ್ಧ ಜನ ನಮ್ಮ ಮನೆಯಲ್ಲಿರುತ್ತಾರೆ. ಯಾವ ಡಾಕ್ಟರು, ಯಾವ ಪಥ್ಯ ಎಂದು ಜಗಳವನ್ನೇ ಆಡುತ್ತಾರೆ. ಶಿವಮೊಗ್ಗದ ದೊಡ್ಡಾಸ್ಪತ್ರೆ ಆಗಲೂ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿಯೇ ಆಗಿತ್ತು. ಅಕ್ಕನನ್ನು ಅಲ್ಲಿಗೆ ಕರೆದುಕೊಂಡು ಹೋಗು ಎಂದು ಆ ಮೂರು ವಾರಗಳಲ್ಲಿ ಅಪ್ಪನಿಗೆ ಯಾರೂ ಹೇಳಲಿಲ್ಲ.