ಸುಗಂಧರಾಜಕ್ಕೆ ಮೂವತ್ತಾರು ಗಂಟೆ

ಭಾನುವಾರ ಬೆಳಗಿನ ಐದು ಗಂಟೆ. ಸಿಂಧನೂರಿನ ಅಂಗಡಿಗಳಿಗೆ ದೀಪಾವಳಿ ಲಕ್ಷ್ಮೀಪೂಜೆಯ ಹೂವು ತಲುಪಬೇಕಿರುವುದು ಸೋಮವಾರ ಸಂಜೆ ಐದಕ್ಕೆ. ಸಾಲಗುಂದದ ರೇಣುಕಾದೇವಿ ಮೊದಲು ಮಂಜುಗಡ್ಡೆಯ ಪೆಟ್ಟಿಗೆಯಿಂದ ಸುಗಂಧರಾಜದ ದಂಟುಗಳನ್ನು ಹೊರತೆಗೆಯುತ್ತಾರೆ. ಬಳಿಕ ಪ್ರತಿ ದಂಟಿನ ಬುಡವನ್ನು ನೀರಿನೊಳಗೇ ಓರೆಯಾಗಿ ಕತ್ತರಿಸುತ್ತಾರೆ. ಕೊನೆಗೆ ಸಕ್ಕರೆ ಬೆರೆಸಿದ ಉಗುರುಬೆಚ್ಚಗಿನ ನೀರಿನ ಬಕೆಟ್ಟುಗಳಲ್ಲಿ ನಿಲ್ಲಿಸುತ್ತಾರೆ. ಒಟ್ಟು ನಾನೂರು ದಂಟು. ಒಂದರಲ್ಲೂ ಹೂವು ಅರಳಿಲ್ಲ.

"ನನ್ನ ಚಾಕ ಸಕ್ರಿ ಇಲ್ಲ, ಹೂವಿಗೆ ಮಾತ್ರ ಸಕ್ರಿ ನೀರು," ಎಂದು ಪತಿ ಆದೆಪ್ಪ ಗೊಣಗುತ್ತಾರೆ.

"ನಿಮಗ ಶುಗರ್ ಐತಿ. ಹೂವಿಗಿಲ್ಲ." ರೇಣುಕಾದೇವಿ ತಲೆ ಎತ್ತುವುದಿಲ್ಲ.

ಅರ್ಧ ಎಕರೆಯ ಹೂವು ಹಬ್ಬದ ದಿನವನ್ನು ಕಾಯುವುದಿಲ್ಲ. ಆದ್ದರಿಂದ ಅವರು ಮೂರು ದಿನ ಮೊದಲೇ ಮೊಗ್ಗಿನ ದಂಟು ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಂಜುಗಡ್ಡೆಯೊಂದಿಗೆ ಪೆಟ್ಟಿಗೆಯಲ್ಲಿಟ್ಟು, ಸುತ್ತಲೂ ಭತ್ತದ ಹೊಟ್ಟು ತುಂಬುತ್ತಾರೆ. ಒಂಬತ್ತು ವರ್ಷಗಳಲ್ಲಿ ತಾವೇ ಕಂಡುಕೊಂಡ ಕ್ರಮವಿದು.

ಕಳೆದ ವರ್ಷ ಕ್ರಮ ಸರಿಯಿತ್ತು, ದಿನ ತಪ್ಪಿತ್ತು. ಅಮಾವಾಸ್ಯೆ ಎರಡು ದಿನಗಳಿಗೆ ಹರಡಿತ್ತು. ಕ್ಯಾಲೆಂಡರು ಎರಡನೆಯ ದಿನವನ್ನು ತೋರಿಸಿದರೆ, ವ್ಯಾಪಾರಿಗಳು ಮೊದಲ ಸಂಜೆಯೇ ಪೂಜೆ ಮುಗಿಸಿದ್ದರು. "ಪೂಜಿ ಮುಗುದ ಮರುದಿನ ಘಮ್ಮಂತ ಅರಳಿದ್ವು ನೋಡ್ರೀ. ದನಕ್ಕ ಹಾಕಿದೆ," ಎನ್ನುತ್ತಾರೆ ರೇಣುಕಾದೇವಿ. ಹೂವಿನ ವ್ಯಾಪಾರಿ ಬಾಬುಸಾಬ್ ಆಗ ಜಗಳವಾಡಲಿಲ್ಲ. ಇನ್ನೊಮ್ಮೆ ತಪ್ಪಿದರೆ ಹೈದರಾಬಾದಿನಿಂದಲೇ ತರಿಸುವುದಾಗಿ ತಿಳಿಸಿದರು, ಅಷ್ಟೇ. ಈ ಬಾರಿಯೂ ಅಮಾವಾಸ್ಯೆ ಎರಡು ದಿನ. ರೇಣುಕಾದೇವಿ ಮಠದ ಕರಿಬಸಯ್ಯನವರಿಂದ ತಿಥಿಯ ಗಳಿಗೆಯನ್ನೂ, ನಾಲ್ಕು ಅಂಗಡಿಗಳಿಂದ ಪೂಜೆಯ ಸಮಯವನ್ನೂ ಕೇಳಿ, ಪೆಟ್ಟಿಗೆಯಿಂದ ತೆಗೆದ ಮೊಗ್ಗು ಅರಳಲು ಬೇಕಾಗುವ ಮೂವತ್ತಾರು ಗಂಟೆಗಳನ್ನು ಅಲ್ಲಿಂದ ಹಿಂದಕ್ಕೆ ಎಣಿಸಿದ್ದಾರೆ.

ಸೋಮವಾರ ಬೆಳಿಗ್ಗೆ ಚಳಿ. ಮೊಗ್ಗುಗಳು ಇನ್ನೂ ಬಿಗಿಯಾಗಿವೆ. ಕೋಣೆಯಲ್ಲಿ ಹೊಟ್ಟಿನ ಒಲೆ ಹಚ್ಚೋಣವೆಂದು ಆದೆಪ್ಪ ಸೂಚಿಸುತ್ತಾರೆ. ರೇಣುಕಾದೇವಿ ಒಪ್ಪುವುದಿಲ್ಲ, ಹೊಗೆ ತಾಗಿದ ಮೊಗ್ಗು ಉದುರುವುದನ್ನು ಅವರು ಒಮ್ಮೆ ಕಂಡಿದ್ದಾರೆ. ಬದಲಿಗೆ ಅಂಗಳದಲ್ಲಿ ನೀರು ಕಾಯಿಸಿ, ಎರಡು ಗಂಟೆಗೊಮ್ಮೆ ಬಕೆಟ್ಟುಗಳ ನೀರು ಬದಲಿಸುತ್ತಾರೆ. "ಅವಸರ ನಮಗೈತಿ, ಅದಕ್ಕಿಲ್ಲ. ಬಿಸಿ ಕೊಡಬೇಕು, ಬೆಂಕಿ ಅಲ್ಲ." ಮಧ್ಯಾಹ್ನ ಎರಡಕ್ಕೆ ಕೆಳಗಿನ ಮೊಗ್ಗುಗಳು ಬಿರಿಯತೊಡಗುತ್ತವೆ.

ಸಂಜೆ ಐದಕ್ಕೆ ಹತ್ತು ನಿಮಿಷವಿರುವಾಗ ಆಟೊ ಬಾಬುಸಾಬ್ ಅವರ ಅಂಗಡಿಯ ಮುಂದೆ ನಿಲ್ಲುತ್ತದೆ. ಅವರು ಪ್ರತಿ ಕಟ್ಟನ್ನೂ ಬಿಚ್ಚಿ ನೋಡಿ, ಅರಳದ ದಂಟುಗಳನ್ನು ಬದಿಗಿಟ್ಟು ಕೇಳುತ್ತಾರೆ: "ಯುಗಾದಿಗೆ ಎಷ್ಟು ಕೊಡ್ತಿ, ಅಕ್ಕಾ?"

ನಾನೂರು ದಂಟುಗಳಲ್ಲಿ ಮುನ್ನೂರ ಎಪ್ಪತ್ತೊಂದು ಪೂಜೆಗೆ ಮೊದಲೇ ಅರಳಿವೆ.